ಕಾರಿಗೆ ಗಾಳಿ–ಇಂಧನ ಮೀಟರ್: ಆರಿಸುವುದು, ಕೂರಿಸುವುದು, ಓದುವುದು

ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿಯ ದಾರಿ ಹಿಡಿದ ಹಳೆಯ ಕಾರ್ಬ್ಯುರೇಟರ್ ಗಾಡಿ, ತಿರುವುಗಳು ಏರುತ್ತ ಹೋದಂತೆ ಉಸಿರು ಕಟ್ಟಿದಂತೆ ಎಳೆಯುವುದನ್ನೂ ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ ಹೊಮ್ಮುವುದನ್ನೂ ಇಲ್ಲಿನವರು ಬಲ್ಲರು. ಸಮುದ್ರಮಟ್ಟಕ್ಕಿಂತ ಸುಮಾರು 1,900 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇ 17ರಷ್ಟು ಕಡಿಮೆ ಇರುತ್ತದೆ. ಆದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ತಗ್ಗಿಸುವುದಿಲ್ಲ. ಊರಿನಲ್ಲಿ ಒಂದು ಪಾಲು ಪೆಟ್ರೋಲಿಗೆ 13 ಪಾಲು ಗಾಳಿ ಎಳೆಯುತ್ತಿದ್ದ ಎಂಜಿನ್ ಗಿರಿಯ ನೆತ್ತಿಯಲ್ಲಿ 12.5 ಪಾಲಿನ ಆಸುಪಾಸಿಗೆ ಬರುತ್ತದೆ. ಈ ವ್ಯತ್ಯಾಸವನ್ನು ಕಿವಿ ಮತ್ತು ಮೂಗಿನಿಂದ ಊಹಿಸುವ ಬದಲು ಕಣ್ಣಾರೆ ಕಾಣಬೇಕೆನ್ನುವವರಿಗೆ ಹೊರಗಿನಿಂದ ಕೊಂಡು ಕೂರಿಸುವ ಗಾಳಿ–ಇಂಧನ ಮೀಟರ್ ಬಹಳ ಉಪಯುಕ್ತ.

ಮೊದಲು ಒಂದು ಮಾತು ಮನದಟ್ಟಾಗಬೇಕು: ಈ ಮೀಟರ್ ಪೆಟ್ರೋಲನ್ನು ಅಳೆಯುವುದಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಅದರ ತಪ್ಪುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಕೊಳ್ಳುವಾಗ ನ್ಯಾರೋಬ್ಯಾಂಡ್ ಮತ್ತು ವೈಡ್‌ಬ್ಯಾಂಡ್ ಎಂಬ ಎರಡು ಬಗೆಗಳು ಎದುರಾಗುತ್ತವೆ. ಬಣ್ಣಬಣ್ಣದ ದೀಪಗಳು ಅತ್ತಿತ್ತ ಓಡುವ ಅಗ್ಗದ ಮೀಟರುಗಳು ಬಹುತೇಕ ನ್ಯಾರೋಬ್ಯಾಂಡ್. ಅವುಗಳ ಸೆನ್ಸರ್ ಸುಮಾರು 0.1ರಿಂದ 0.9 ವೋಲ್ಟ್ ಕೊಡುತ್ತದೆ, ಮತ್ತು ಮಿಶ್ರಣ ಸರಿಯಾದ ಬಿಂದುವಿನ ಆಚೆಗಿದೆಯೋ ಈಚೆಗಿದೆಯೋ ಎಂಬುದನ್ನಷ್ಟೇ ಹೇಳಬಲ್ಲದು. ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಿಶ್ರಣ 12.5 ಇದೆಯೋ 11 ಇದೆಯೋ ಎಂಬುದು ಅದರಿಂದ ತಿಳಿಯದು. ಆದ್ದರಿಂದ ಬೆಲೆ ಹೆಚ್ಚಾದರೂ ಆ ಅಂಕಿಯನ್ನೇ ತೋರಿಸುವ ವೈಡ್‌ಬ್ಯಾಂಡನ್ನೇ ಕೊಳ್ಳಬೇಕು; ನ್ಯಾರೋಬ್ಯಾಂಡಿಗೆ ಹಾಕುವ ಹಣ ವ್ಯರ್ಥವೆಂದೇ ನನ್ನ ಖಚಿತ ಅಭಿಪ್ರಾಯ. ಜೊತೆಗೆ ಬರುವ ಸೆನ್ಸರ್ ಬಾಷ್ ಕಂಪನಿಯ ಎಲ್‌ಎಸ್‌ಯು 4.9 ಆಗಿದ್ದರೆ ಒಳ್ಳೆಯದು. ಹಿಂದಿನ 4.2 ಮಾದರಿಯಂತೆ ಅದನ್ನು ಆಗಾಗ ಬಿಚ್ಚಿ ತೆರೆದ ಗಾಳಿಯಲ್ಲಿ ಹಿಡಿದು ಅಳತೆ ಸರಿಪಡಿಸುವ ಅಗತ್ಯವಿರುವುದಿಲ್ಲ.

ಇನ್ನೊಂದು ಆಯ್ಕೆ ಅಂಕಿಗೆ ಸಂಬಂಧಿಸಿದ್ದು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಆದರೆ ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್, ಮತ್ತು ಅದಕ್ಕೆ ಬೇಕಾದದ್ದು ಸುಮಾರು 13.5 ಪಾಲು ಮಾತ್ರ. ಹಾಗಿದ್ದರೂ ಮಿಶ್ರಣ ಸರಿಯಿದ್ದಾಗ ಮೀಟರ್ 14.7 ಎಂದೇ ತೋರಿಸುತ್ತದೆ, ಏಕೆಂದರೆ ಅದು ಒಳಗೆ ಲೆಕ್ಕ ಹಾಕುವುದು ಲ್ಯಾಂಬ್ಡಾ ಎಂಬ ಅನುಪಾತವನ್ನು, ಅದನ್ನು 14.7ರಿಂದ ಗುಣಿಸಿ ನಮ್ಮ ಮುಂದಿಡುತ್ತದೆ. ಲ್ಯಾಂಬ್ಡಾ 1 ಎಂದರೆ ಯಾವ ಇಂಧನಕ್ಕಾದರೂ ಗಾಳಿ ಸರಿಯಾಗಿ ಸಾಕಾಗಿದೆ ಎಂದರ್ಥ; 1ಕ್ಕಿಂತ ಕಡಿಮೆಯಾದರೆ ಪೆಟ್ರೋಲ್ ಹೆಚ್ಚು, ಮೇಲಾದರೆ ಗಾಳಿ ಹೆಚ್ಚು. ಹೀಗಾಗಿ ಲ್ಯಾಂಬ್ಡಾ ತೋರಿಸುವ ಸೌಲಭ್ಯವಿರುವ ಮೀಟರನ್ನು ಆರಿಸಿ, ಅದನ್ನೇ ಓದುವ ಅಭ್ಯಾಸ ಮಾಡಿಕೊಂಡರೆ ಗೊಂದಲವಿಲ್ಲ.

ಕೂರಿಸುವ ಕೆಲಸದಲ್ಲಿ ಸೆನ್ಸರಿನ ಜಾಗವೇ ಮುಖ್ಯ. ಹೊಗೆ ಕೊಳವೆಗೆ ತೂತು ಕೊರೆಸಿ, 18 ಮಿಲಿಮೀಟರಿನ ತಿರುಪು (ಥ್ರೆಡ್) ಇರುವ ಬುಶ್ಶನ್ನು ವೆಲ್ಡ್ ಮಾಡಿಸಬೇಕು. ಎಲ್ಲ ಸಿಲಿಂಡರುಗಳ ಹೊಗೆ ಒಂದಾದ ಮೇಲಿನ, ಆದರೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚಿನ ಜಾಗವಾಗಬೇಕು. ಟರ್ಬೊ ಇರುವ ಗಾಡಿಯಲ್ಲಿ ಟರ್ಬೊ ದಾಟಿದ ಮೇಲಿರಬೇಕು. ಸೆನ್ಸರಿನ ತುದಿ ಕೆಳಮುಖವಾಗಿ, ಕೊಳವೆಯ ಮೇಲ್ಭಾಗದಲ್ಲಿ, ಗಡಿಯಾರದ 10 ಮತ್ತು 2ರ ನಡುವಿನ ಸ್ಥಾನದಲ್ಲಿ ಕೂರಬೇಕು. ನಮ್ಮ ಕಡೆಯ ಮಳೆಗಾಲದ ಮುಂಜಾವಿನಲ್ಲಿ ಕೊಳವೆಯೊಳಗೆ ಹನಿಗಟ್ಟುವ ನೀರು, ಕಾದ ಸೆನ್ಸರಿನ ಪಿಂಗಾಣಿಗೆ ತಾಗಿದರೆ ಅದು ಸೀಳಿಹೋಗುತ್ತದೆ. ಕಾರ್ಬ್ಯುರೇಟರಿನ ಬದಲು ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಯಲ್ಲಿ ಕಂಪನಿಯ ಸೆನ್ಸರನ್ನು ಬಿಚ್ಚಿ ಆ ಜಾಗದಲ್ಲಿ ಇದನ್ನು ಕೂರಿಸಬಾರದು. ವೆಲ್ಡಿಂಗ್ ನಡೆಯುವಾಗ ಬ್ಯಾಟರಿಯ ತಂತಿ ಬಿಚ್ಚಿಡಬೇಕು, ಸೆನ್ಸರ್ ಕೊಳವೆಯಲ್ಲಿ ಇರಕೂಡದು.

ವಿದ್ಯುತ್ತನ್ನು ಕೀಲಿ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್ ತಂತಿಯಿಂದ, ಸೂಚಿಸಿದ ಫ್ಯೂಸಿನ ಮೂಲಕವೇ ತೆಗೆದುಕೊಳ್ಳಬೇಕು. ಸೆನ್ಸರ್ ಸುಮಾರು 780 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದು ಕೆಲಸ ಮಾಡುವುದರಿಂದ ಸಡಿಲವಾದ ಅರ್ತ್ ಸಂಪರ್ಕ ಅದಕ್ಕೆ ಸಾಲದು. ಮೀಟರಿನ ವ್ಯಾಸ ಸಾಮಾನ್ಯವಾಗಿ 52 ಮಿಲಿಮೀಟರ್. ಅದನ್ನು ಸ್ಟಿಯರಿಂಗಿನ ಪಕ್ಕದಲ್ಲಿ, ರಸ್ತೆ ಕಾಣಲು ಅಡ್ಡಿಯಾಗದಂತೆ ಇಟ್ಟರೆ ಸಾಕು.

ಮೀಟರ್ ಕೂರಿಸಿದ ಮೊದಲ ವಾರ ನನ್ನ ಕಾರ್ಬ್ಯುರೇಟರ್ ಜೀಪು ಐಡ್ಲಿಂಗ್‌ನಲ್ಲಿ 16ಕ್ಕಿಂತ ಮೇಲೆ ತೋರಿಸುತ್ತಿತ್ತು. ಪೆಟ್ರೋಲ್ ಸಾಲುತ್ತಿಲ್ಲವೆಂದು ದೊಡ್ಡ ಜೆಟ್ ಹಾಕಲು ಸಿದ್ಧನಾಗಿದ್ದೆ. ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿದಾಗ ಮ್ಯಾನಿಫೋಲ್ಡಿಗೆ ಕೊಳವೆ ಸೇರುವ ಫ್ಲಾಂಜಿನ ಅಂಚಿನಲ್ಲಿ, ಬೆರಳಿನಿಂದ ತೀಡಿದ ಕಾಡಿಗೆಯಂತೆ, ಒಂದು ಕಪ್ಪು ಗೆರೆ ಕಂಡಿತು. ಗ್ಯಾಸ್ಕೆಟ್ ಸೋರುತ್ತಿತ್ತು, ಹೊಗೆಯ ಬಡಿತಗಳ ನಡುವೆ ಹೊರಗಿನ ಗಾಳಿ ಒಳಗೆ ಸೇರಿ, ಆ ಆಮ್ಲಜನಕವನ್ನೇ ಸೆನ್ಸರ್ ಅಳೆದಿತ್ತು. ಗ್ಯಾಸ್ಕೆಟ್ ಬದಲಿಸಿದ ಕೂಡಲೇ ಅಂಕಿ 14ರ ಆಸುಪಾಸಿಗೆ ಇಳಿಯಿತು. ಒಂದು ಪ್ಲಗ್ ಸರಿಯಾಗಿ ಕಿಡಿ ಹೊತ್ತಿಸದಿದ್ದಾಗಲೂ ಇದೇ ಮೋಸ ಆಗುತ್ತದೆ: ಪೆಟ್ರೋಲ್ ಉರಿಯದೆ ಹೋಗುತ್ತದೆ, ಬಳಕೆಯಾಗದ ಆಮ್ಲಜನಕ ಉಳಿಯುತ್ತದೆ, ಮೀಟರ್ ಮಾತ್ರ ಗಾಳಿ ಹೆಚ್ಚಾಗಿದೆ ಎನ್ನುತ್ತದೆ. ಆದ್ದರಿಂದ ಸೋರಿಕೆ ಮತ್ತು ಪ್ಲಗ್ ಎರಡನ್ನೂ ಪರೀಕ್ಷಿಸದೆ ಜೆಟ್ಟಿಗೆ ಕೈಹಾಕಬಾರದು.

ಓದುವಾಗ ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಹಾಸನದಿಂದ ಸಕಲೇಶಪುರದ ಕಡೆಗಿನ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಲ್ಯಾಂಬ್ಡಾ 1ರ ಹತ್ತಿರ ಇರುವುದು ಸರಿ. ಏರಿನಲ್ಲಿ ಪೂರ್ತಿ ಒತ್ತಿದಾಗ ಟರ್ಬೊ ಇಲ್ಲದ ಎಂಜಿನ್ನಿಗೆ 0.85ರಿಂದ 0.90 ಒಳ್ಳೆಯದು, ಅದೇ ಹೊತ್ತಿನಲ್ಲಿ 1ಕ್ಕಿಂತ ಮೇಲೆ ಹೋದರೆ ಎಂಜಿನ್ ಅತಿಯಾಗಿ ಕಾಯುವ ಅಪಾಯವಿದೆ, ಒಡನೆ ಆಕ್ಸಿಲರೇಟರ್ ಬಿಡಬೇಕು. ಇಂಜೆಕ್ಷನ್ ಗಾಡಿಯಲ್ಲಿ ಹೀಗಾದರೆ ಪೆಟ್ರೋಲ್ ಫಿಲ್ಟರ್ ಅಥವಾ ಪಂಪಿನ ಮೇಲೆ ಅನುಮಾನ ಪಡಬೇಕು. ಶಿರಾಡಿಯಲ್ಲಿ ಗೇರಿನಲ್ಲೇ ಇಳಿಯುವಾಗ ಇಂಜೆಕ್ಷನ್ ಗಾಡಿಯ ಮೀಟರ್ ಕೊನೆಯ ಅಂಕಿಗೆ ಹಾರಿದರೆ ಗಾಬರಿ ಬೇಡ. ಆಗ ಪೆಟ್ರೋಲೇ ನಿಂತಿರುತ್ತದೆ. ತಿರುವುಗಳಲ್ಲಿ ಚಾಲಕ ಮೀಟರ್ ನೋಡಕೂಡದು. ಪಕ್ಕದಲ್ಲಿ ಕುಳಿತವರು ಗೇರು, ವೇಗ ಮತ್ತು ಅಂಕಿಯನ್ನು ಬರೆದುಕೊಳ್ಳಲಿ.

ಕಾರ್ಬ್ಯುರೇಟರಿನಲ್ಲಿ ಐಡ್ಲಿಂಗನ್ನು ಮಿಕ್ಸ್ಚರ್ ಸ್ಕ್ರೂವಿನಿಂದ, ಪೂರ್ತಿ ಒತ್ತಿದಾಗಿನ ಮಿಶ್ರಣವನ್ನು ಮೇನ್ ಜೆಟ್‌ನಿಂದ ತಿದ್ದಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ಏರಿನಲ್ಲಿ ಮತ್ತೆ ಓಡಿಸಿ ನೋಡಬೇಕು. ಗಿರಿಯ ಮೇಲೆ ಸರಿಹೊಂದಿಸಿದ ಜೆಟ್ಟಿನಲ್ಲೇ ಮಂಗಳೂರಿಗೆ ಇಳಿದರೆ ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದಾಗುತ್ತದೆ. ಆದ್ದರಿಂದ ಜೆಟ್ಟನ್ನು ನೀವು ಹೆಚ್ಚಾಗಿ ಓಡಾಡುವ ಎತ್ತರಕ್ಕೆ ಹೊಂದಿಸಿ, ಗಿರಿಯ ಮೇಲೆ ಸ್ವಲ್ಪ ರಿಚ್ (ಪೆಟ್ರೋಲ್ ಹೆಚ್ಚು) ಆದರೆ ಸಹಿಸಿಕೊಳ್ಳುವುದು ಕ್ಷೇಮ.

ಮೀಟರ್ ಕೆಟ್ಟು ರಿಪೇರಿಗೆ ಹೋದಾಗ ಸೆನ್ಸರನ್ನು ಕೊಳವೆಯಲ್ಲೇ ಬಿಟ್ಟು ಗಾಡಿ ಓಡಿಸಬಾರದು. ವಿದ್ಯುತ್ತಿಲ್ಲದೆ ತಣ್ಣಗಿರುವ ಅದರ ಮೇಲೆ ಮಸಿ ಕೂತು ಹಾಳಾಗುತ್ತದೆ. ಬಿಚ್ಚಿ ತೆಗೆದು, ಆ ಜಾಗಕ್ಕೆ ಅದೇ ಅಳತೆಯ ಬೋಲ್ಟ್ ತಿರುಗಿಸಿಟ್ಟರೆ ಆಯಿತು.