ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮನೆ ಖರ್ಚು ಹೊಂದಿಸಿಕೊಳ್ಳುವುದು ಹೇಗೆ?

ಮಗಳು ಪುಣೆಗೆ ಕೆಲಸಕ್ಕೆ ಹೋಗಿ ನಾಲ್ಕು ತಿಂಗಳಾದರೂ ನಮ್ಮ ಮನೆಗೆ ದಿನಾ ಮೂರು ಪ್ಯಾಕೆಟ್ ಹಾಲು ಬರುತ್ತಲೇ ಇತ್ತು. ಫ್ರಿಜ್ಜಿನಲ್ಲಿ ಎರಡು ಪಾತ್ರೆ ಮೊಸರು ಹುಳಿಯಾಗಿ ಕೂತಿದ್ದನ್ನು ನೋಡಿದ ದಿನವೇ ಯಜಮಾನರೂ ನಾನೂ ಲೆಕ್ಕಕ್ಕೆ ಕೂತೆವು. ನಾವು ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ. ಮೊಬೈಲ್‌ನಲ್ಲಿ ನೋಡಿದರೆ ಸಾಲದು. ಪೆನ್ನು ಹಿಡಿದು ಒಂದೊಂದು ಸಾಲಿಗೂ ಕೇಳಿಕೊಳ್ಳಿ: ಇದು ಯಾರಿಗೋಸ್ಕರ? ಈಗಲೂ ಬೇಕಾ? ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿಯನ್ನೂ ತೆಗೆದು ನೋಡಿ. ಮಗಳು ಯಾವಾಗಲೋ ಬಿಟ್ಟ ಆನ್‌ಲೈನ್ ಕ್ಲಾಸಿನ ದುಡ್ಡು ನಮ್ಮ ಖಾತೆಯಿಂದ ಪ್ರತಿ ತಿಂಗಳೂ ಹೋಗುತ್ತಿತ್ತು. ಅವತ್ತೇ ನಿಲ್ಲಿಸಿದೆವು.

ಆಮೇಲಿನದು ಮುಖ್ಯವಾದ ಕೆಲಸ, ಆತುರ ಬೇಡ. ಗಂಡ ಹೆಂಡತಿ ಬೇರೆ ಬೇರೆ ಚೀಟಿಯಲ್ಲಿ, ಒಬ್ಬರದ್ದು ಇನ್ನೊಬ್ಬರು ನೋಡದೆ, ದುಡ್ಡು ಯಾವುದಕ್ಕೆ ಹೋದರೆ ಮನಸ್ಸಿಗೆ ಸಮಾಧಾನ ಅಂತ ಮೂರು ವಿಷಯ ಬರೆಯಿರಿ. ಅವರು ಮೊದಲು ಬರೆದದ್ದು ಅಮ್ಮನ ಮಂಡಿ ಆಪರೇಷನ್. ನಾನು ಬರೆದದ್ದು ಇಪ್ಪತ್ತು ವರ್ಷದಿಂದ ಬಿಟ್ಟಿದ್ದ ಸಂಗೀತ ಪಾಠ. ಊರಿನ ಮನೆಯ ಹೆಂಚು ಬದಲಿಸೋದು ಮಾತ್ರ ಇಬ್ಬರ ಚೀಟಿಯಲ್ಲೂ ಇತ್ತು. ಈಗ ಚೀಟಿಗಳನ್ನು ಸ್ಟೇಟ್‌ಮೆಂಟ್ ಪಕ್ಕ ಇಟ್ಟು ನೋಡಿ. ನಮ್ಮ ಮೂರು ತಿಂಗಳ ಖರ್ಚಿನಲ್ಲಿ ಈ ಮೂರಕ್ಕೂ ಒಂದು ರೂಪಾಯಿ ಹೋಗಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಮೂರನೆಯದು, ಮಕ್ಕಳ ಹತ್ತಿರ ಬಾಯಿ ಬಿಟ್ಟು ಮಾತಾಡಿ. ಫೋನ್ ರೀಚಾರ್ಜ್, ಗಾಡಿ ಇನ್ಶೂರೆನ್ಸ್ ಯಾವ ತಿಂಗಳಿಂದ ಅವರದು ಅಂತ ತಿಂಗಳ ಹೆಸರು ಹಿಡಿದೇ ಹೇಳಿ. ಓದಿನ ಸಾಲ ಅವರ ಹೆಸರಲ್ಲಿದ್ದರೆ ಕಂತು ಅವರೇ ಕಟ್ಟಲಿ. ಆದಾಯ ತೆರಿಗೆಯಲ್ಲಿ ಹಳೇ ಪದ್ಧತಿ ಆರಿಸಿಕೊಂಡರೆ ಕಟ್ಟಿದ ಬಡ್ಡಿಯ ಮೇಲೆ 8 ವರ್ಷದವರೆಗೆ ತೆರಿಗೆ ವಿನಾಯಿತಿಯೂ ಅವರಿಗೆ ಸಿಗುತ್ತದೆ. ಆರೋಗ್ಯ ವಿಮೆಯನ್ನು ಮರೆಯಲೇಬೇಡಿ. ಎಷ್ಟೋ ಫ್ಯಾಮಿಲಿ ಪಾಲಿಸಿಗಳಲ್ಲಿ ಮಕ್ಕಳಿಗೆ 25 ತುಂಬುವವರೆಗೆ ಮಾತ್ರ ಜಾಗ, ಅಷ್ಟರೊಳಗೆ ಅವರದ್ದೇ ಒಂದು ಮಾಡಿಸಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ.

ಹಾಗಂತ ಎಲ್ಲಾ ಕತ್ತರಿಸಬೇಡಿ. ಮಗಳಿಗೆ ಕೊರಿಯರ್‌ನಲ್ಲಿ ಕಳಿಸುವ ಚಟ್ನಿಪುಡಿ, ಹುಳಿಪುಡಿಯ ಖರ್ಚನ್ನು ನಾವು ಮುಟ್ಟಲಿಲ್ಲ.

ಇನ್ನು ಉಳಿದ ದುಡ್ಡು. ಅದನ್ನು ಖಾತೆಯಲ್ಲೇ ಸುಮ್ನೆ ಬಿಟ್ಟರೆ ಕರಗಿಹೋಗುತ್ತದೆ. ಸಂಬಳ ಬಂದ ಮರುದಿನವೇ ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಹೋಗುವಂತೆ ಬ್ಯಾಂಕಿಗೆ ಹೇಳಿಡಿ. ಅದರಲ್ಲಿ ಮೊದಲ ಪಾಲು ನಿಮ್ಮ ಮುಪ್ಪಿಗೆ. ಇದು ಸ್ವಾರ್ಥ ಅಲ್ಲ, ನಾಳೆ ಮಕ್ಕಳ ಮೇಲೆ ಭಾರ ಬೀಳಬಾರದು ಅಲ್ವಾ? ಮಿಕ್ಕಿದ್ದು ಚೀಟಿಯಲ್ಲಿ ಬರೆದದ್ದಕ್ಕೆ.

ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ನಾವು ಆ ಚೀಟಿಗಳನ್ನು ತೆಗೆದು ನೋಡುತ್ತೇವೆ. ಈಗ ಹಾಲು ದಿನಕ್ಕೆ ಒಂದೇ ಪ್ಯಾಕೆಟ್. ಮಗಳು ಬರುವ ವಾರ ಮಾತ್ರ ಮೂರು.