ಕಪಾಟಿನಲ್ಲಿದೆ, ಕಂಪ್ಯೂಟರಿನಲ್ಲಿಲ್ಲ

ಪುಸ್ತಕ ಕಪಾಟಿನಲ್ಲಿ ಕಣ್ಣಿಗೆ ಹೊಡೆಯುವಂತೆ ನಿಂತಿರುತ್ತದೆ, ಗ್ರಂಥಾಲಯದ ಆನ್‌ಲೈನ್ ಕೆಟಲಾಗ್ ಆದ ಓಪ್ಯಾಕಿನಲ್ಲಿ ಹುಡುಕಿದರೆ ‘ಯಾವ ಫಲಿತಾಂಶವೂ ಇಲ್ಲ’ ಎಂದು ಬರುತ್ತದೆ. ಕಾಲೇಜಿನ ವೆಬ್‌ಸೈಟುಗಳ ಜತೆಗೆ ಗ್ರಂಥಾಲಯದ ಹುಡುಕಾಟದ ಹೊಣೆಯೂ ನನ್ನ ಹೆಗಲಿಗೆ ಬಿದ್ದಾಗ ಎಲ್ಲ ಕಡೆಯಿಂದ ಕೇಳಿದ ದೂರು ಇದು. ಪರಿಹಾರವನ್ನೂ ದೂರುದಾರರೇ ಕೊಡುತ್ತಿದ್ದರು: ಈ ಸಾಫ್ಟ್‌ವೇರ್ ಸರಿಯಿಲ್ಲ, ಬೇರೆಯದನ್ನು ಹಾಕಿಸಿ. ನನಗದು ಒಪ್ಪಿಗೆಯಾಗಲಿಲ್ಲ. ಹೊಸದನ್ನು ಹಾಕಿಸಿದರೂ ಅದರೊಳಗೆ ಹೋಗುವುದು ಅದೇ ಹಳೆಯ ದಾಖಲೆಗಳು. ನಮ್ಮಲ್ಲಿದ್ದದ್ದು ಕೋಹಾ. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟ್ ತನ್ನ ಹಳೆಯ ವ್ಯವಸ್ಥೆ 2000ನೇ ಇಸವಿಯ ತಾರೀಖುಗಳನ್ನು ತಾಳಲಾರದು ಎಂದು ಗೊತ್ತಾದಾಗ 1999ರಲ್ಲಿ ಬರೆಸಿಕೊಂಡ ತಂತ್ರಾಂಶ ಅದು. ಮುಂದಿನ ಜನವರಿಯಿಂದ ಬಳಕೆಗೆ ಬಂದು, ಆಮೇಲೆ ಜಗತ್ತಿನ ಎಷ್ಟೋ ಗ್ರಂಥಾಲಯಗಳಿಗೆ ಹಬ್ಬಿತು. ಅಷ್ಟು ಕಡೆ ನಡೆಯುವುದು ನಮ್ಮಲ್ಲಿ ಮಾತ್ರ ಯಾಕೆ ನಡೆಯುತ್ತಿಲ್ಲ ಎಂದು ನೋಡುವುದೇ ಸರಿ ಅನ್ನಿಸಿತು.

ಮೊದಲು ಕೈಹಾಕಿದ್ದು ಪ್ರತಿ ಹುಡುಕಾಟವನ್ನೂ ಸರ್ವರ್ ಬರೆದಿಡುವ ಲಾಗಿಗೆ. ಯಾರು ಹುಡುಕಿದರು ಎಂಬುದು ನನಗೆ ಬೇಕಿರಲಿಲ್ಲ. ಐಪಿ ವಿಳಾಸ, ಲಾಗಿನ್ ಹೆಸರು ಎಲ್ಲ ತೆಗೆದುಹಾಕಿ, ಏನು ಟೈಪ್ ಮಾಡಿದರು, ಎಷ್ಟು ಫಲಿತಾಂಶ ಬಂತು ಎಂಬ ಎರಡೇ ಕಾಲಂ ಉಳಿಸಿಕೊಂಡೆ. (ಓದುಗರು ಏನು ಓದುತ್ತಾರೆ ಎಂಬುದು ಅವರ ಸ್ವಂತ ವಿಷಯ. ಅದನ್ನು ಹೆಸರಿನ ಸಮೇತ ವರ್ಷಗಟ್ಟಲೆ ಕೂಡಿಡುವುದು ನನಗೆ ಹಿಡಿಸುವುದಿಲ್ಲ.) ಸೊನ್ನೆ ಬಂದ ಸಾಲುಗಳನ್ನು ಬೇರೆ ಮಾಡಿ, ಹೆಚ್ಚು ಸಲ ಬಂದದ್ದು ಮೇಲೆ ಬರುವ ಹಾಗೆ ಜೋಡಿಸಿದೆ. ಆ ಪಟ್ಟಿ ಓದಿದ ಮೇಲೆ ಯಾವ ಸಮೀಕ್ಷೆಯೂ ಬೇಕಾಗಲಿಲ್ಲ.

ಕೆಲವು ಸುಲಭಕ್ಕೆ ಬಗೆಹರಿದವು. ಪುಸ್ತಕದ ಹಿಂಬದಿಯ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನೋಡಿ ಅಡ್ಡಗೆರೆ ಸಮೇತ ಟೈಪ್ ಮಾಡಿದವರಿದ್ದರು. ನಮ್ಮ ದಾಖಲೆಯಲ್ಲಿ ಗೆರೆ ಇಲ್ಲ. 2007ರ ಜನವರಿಗೆ ಮುಂಚಿನ ಪುಸ್ತಕಗಳಲ್ಲಿ ಹತ್ತಂಕಿಯ ಸಂಖ್ಯೆ, ಆಮೇಲಿನವುಗಳಲ್ಲಿ ಹದಿಮೂರು. ಹತ್ತಂಕಿಯ ಮೊದಲಿಗೆ 978 ಸೇರಿಸಿದರೆ ಸಾಕು ಎಂದುಕೊಳ್ಳುವವರು ಬಹಳ ಮಂದಿ. ಆದರೆ ಕೊನೆಯ ಅಂಕಿ ತಾಳೆ ನೋಡುವ ಅಂಕಿ, ಅದನ್ನು ಲೆಕ್ಕ ಹಾಕುವ ಕ್ರಮವೇ ಬೇರೆಯಾದ್ದರಿಂದ ಅದೂ ಸಾಮಾನ್ಯವಾಗಿ ಬದಲಾಗುತ್ತದೆ. ಒಂದೇ ಪುಸ್ತಕದ ಎಲ್ಲ ರೂಪಗಳನ್ನೂ ಹುಡುಕುವ ಸೆಟ್ಟಿಂಗ್ ಕೋಹಾದಲ್ಲೇ ಇದೆ. ಆನ್ ಮಾಡಿದೆ, ಆ ದೂರು ಮುಗಿಯಿತು.

ಪಟ್ಟಿಯ ಅರ್ಧಕ್ಕೂ ಮಿಕ್ಕಿದ್ದು ಕನ್ನಡ ಶೀರ್ಷಿಕೆಗಳು. ನನ್ನ ಹೆಚ್ಚಿನ ಹೊತ್ತು ಹೋದದ್ದೂ ಅಲ್ಲೇ.

ನಮ್ಮ ಕನ್ನಡ ದಾಖಲೆಗಳಲ್ಲಿ ಮೂರು ಕಾಲದ ಪದರಗಳಿದ್ದವು. ತೀರ ಹಳೆಯವು ಯೂನಿಕೋಡಿಗೆ (ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದ್ದೇ ಕೋಡ್ ಕೊಡುವ ವ್ಯವಸ್ಥೆ) ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಹೊಡೆದವು: ಪರದೆಯ ಮೇಲೆ ಕನ್ನಡ, ಒಳಗಿನ ಕೋಡ್ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳದ್ದು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಬರೀ ಚಿತ್ತಾರ ಕಾಣುತ್ತದೆ. ಇವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದೆವು. ಆದರೆ ಒಂದೇ ಸಾಲಿನಲ್ಲಿ ನಿಜವಾದ ಇಂಗ್ಲಿಷ್ ಪದವೂ ಇದ್ದರೆ ಪರಿವರ್ತಕ ಅದನ್ನೂ ಕನ್ನಡದ ಕಲಸುಮೇಲೋಗರ ಮಾಡಿಬಿಡುತ್ತದೆ. ಹಾಗಾಗಿ ಪ್ರಕಾಶಕರ ಹೆಸರು, ಆವೃತ್ತಿ ಮುಂತಾದ ಮಾರ್ಕ್ ಫೀಲ್ಡುಗಳನ್ನು (ಗ್ರಂಥಾಲಯದ ದಾಖಲೆಯಲ್ಲಿ ಸಂಖ್ಯೆಯಿಂದ ಗುರುತಿಸುವ ಖಾನೆಗಳು) ಹೊರಗಿಟ್ಟು, 245ರ ಶೀರ್ಷಿಕೆ ಮತ್ತು 100ರ ಲೇಖಕರನ್ನು ಮಾತ್ರ ಪರಿವರ್ತಿಸಿ, ಉಳಿದದ್ದನ್ನು ಕೈಯಲ್ಲೇ ಸರಿಮಾಡಿಸಿದ್ದು.

ಎರಡನೆಯ ಪದರ ಯೂನಿಕೋಡೇ, ಆದರೆ ಒಳಗೆ ಕಣ್ಣಿಗೆ ಕಾಣದ ಕೊಳೆ. ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಅನುಸ್ವಾರ. ‘ಗ್ರಂಥ’ ಮತ್ತು ‘ಗ್ರ೦ಥ’ ಎರಡನ್ನೂ ನೋಡಿ. ಎರಡನೆಯದರಲ್ಲಿರುವುದು ಅನುಸ್ವಾರವೇ ಅಲ್ಲ, ಕನ್ನಡದ ಅಂಕಿ ಸೊನ್ನೆ. ಟೈಪ್ ಮಾಡಿದವರಿಗೆ ಎರಡೂ ಒಂದೇ ಥರ ಕಂಡಿದೆ, ಕಂಪ್ಯೂಟರಿಗೆ ಅವು ಬೇರೆ ಬೇರೆ. ಎರಡು ಕನ್ನಡ ಅಕ್ಷರಗಳ ನಡುವೆ ಸಿಕ್ಕಿಬಿದ್ದ ಸೊನ್ನೆ ಸೊನ್ನೆಯಾಗಿರುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಒಂದು ಸಣ್ಣ ಸ್ಕ್ರಿಪ್ಟಿನಿಂದ ಅವನ್ನೆಲ್ಲ ಹೆಕ್ಕಿ ಪಟ್ಟಿ ಮಾಡಿ, ಒಮ್ಮೆ ಕಣ್ಣಾಡಿಸಿ, ಬದಲಾಯಿಸಿದೆ. ಸೊನ್ನೆ ಫಲಿತಾಂಶಕ್ಕೆ ಅಕ್ಷರಶಃ ಸೊನ್ನೆಯೇ ಕಾರಣವಾಗಿದ್ದನ್ನು ನೋಡಿ ನಗು ಬಂದದ್ದು ನಿಜ.

ಅದರ ಅಣ್ಣತಮ್ಮಂದಿರು ಇನ್ನೂ ಇದ್ದಾರೆ. ‘ಕೋ’ ಬರೆಯುವಾಗಿನ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಕೋಡ್ ಆಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ನೋಟಕ್ಕೆ ವ್ಯತ್ಯಾಸವಿಲ್ಲ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಷನ್ ಇದನ್ನು ಬಗೆಹರಿಸುತ್ತದೆ. ಬಗೆಹರಿಯದೆ ಉಳಿಯುವುದು ‘ಸಾಫ್ಟ್‌ವೇರ್’ ಎಂಬಂಥ ಪದಗಳು. ಟಕಾರದ ಕೆಳಗೆ ವಕಾರ ಒತ್ತಾಗದಿರಲಿ ಎಂದು ನಡುವೆ ಅಗಲವಿಲ್ಲದ ಒಂದು ಅಕ್ಷರ ಹಾಕುತ್ತೇವೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ‘ಸಾಫ್ಟ್ವೇರ್’ ಎಂದೇ ಬಿಟ್ಟಿರುತ್ತಾರೆ. ಇದನ್ನು ದಾಖಲೆಯಲ್ಲಿ ತಿದ್ದಬಾರದು, ಓದಲು ಬೇಕಾದ ಅಕ್ಷರ ಅದು. ಹುಡುಕಾಟಕ್ಕೆಂದು ಪದಗಳ ಸೂಚಿ ಕಟ್ಟುವಾಗ, ಅಂದರೆ ಇಂಡೆಕ್ಸ್ ಮಾಡುವಾಗ ಮಾತ್ರ, ದಾಖಲೆಯ ಕಡೆಯಿಂದಲೂ ಹುಡುಕುವವರ ಕಡೆಯಿಂದಲೂ, ಅದನ್ನು ಕಿತ್ತುಹಾಕುವ ನಿಯಮ ಬರೆದರೆ ಸಾಕು.

ಇಂಡೆಕ್ಸ್ ಅಂದೆನಲ್ಲ, ಅಲ್ಲೇ ಒಂದು ದೊಡ್ಡ ಗಂಟು ಬಿಚ್ಚಿಕೊಂಡಿತು. ಕೋಹಾದ ಬೆನ್ನಿಗಿರುವ ಜೀಬ್ರಾ ಎಂಬ ಹುಡುಕು ಯಂತ್ರಕ್ಕೆ ಪದಗಳನ್ನು ಬಿಡಿಸುವ ಎರಡು ವಿಧಾನಗಳಿವೆ. ಇಂಗ್ಲಿಷ್ ಬಿಟ್ಟು ಬೇರೆ ಲಿಪಿಗಳಿಗೆ ಐಸಿಯು ವಿಧಾನ ಬೇಕು. ಅದಕ್ಕೆ ಬದಲಾಯಿಸಿ ಪರೀಕ್ಷಾ ಸರ್ವರಿನಲ್ಲಿ ಹಾಕಿ ನೋಡುತ್ತಿದ್ದಾಗ ಕೆಟಲಾಗ್ ನೋಡಿಕೊಳ್ಳುವ ಮೇಡಂ ಕರೆದರು: “ಸರ್, ಇಲ್ಲಿ ನೋಡಿ. ‘ಕಲೆ’ ಅಂತ ಕೊಟ್ರೆ ‘ಕಲಿ’ ಇರೋದೆಲ್ಲ ಬರ್ತಿದೆ.” ಹೌದು, ಬರುತ್ತಿತ್ತು. ಮೂಲ ನಿಯಮಗಳ ಕಡತ ತೆರೆದೆ. ಒಂದು ಸಾಲು ಹೇಳುತ್ತಿತ್ತು: ಅಕ್ಷರದ ಮೇಲಿನ, ಕೆಳಗಿನ, ಸ್ವಂತ ಜಾಗ ಹಿಡಿಯದ ಗುರುತುಗಳನ್ನೆಲ್ಲ ತೆಗೆದುಬಿಡು. ಫ್ರೆಂಚ್, ಜರ್ಮನ್ ಅಕ್ಷರಗಳ ಮೇಲಿನ ಚುಕ್ಕೆ, ಗೀಟುಗಳನ್ನು ಕಡೆಗಣಿಸಲು ಬರೆದ ಸಾಲು ಅದು. ಆದರೆ ಯೂನಿಕೋಡಿನ ವಿಂಗಡಣೆಯಲ್ಲಿ ಕನ್ನಡದ ಇಕಾರ, ಎಕಾರದ ಚಿಹ್ನೆಗಳೂ ಅರ್ಧಾಕ್ಷರದ ವಿರಾಮವೂ ಅದೇ ಗುಂಪಿಗೆ ಸೇರಿವೆ. ಆಕಾರ, ಉಕಾರ ಸೇರಿಲ್ಲ. ಹಾಗಾಗಿ ‘ಕಲಿ’, ‘ಕಲೆ’, ‘ಕಲ್’ ಮೂರೂ ಇಂಡೆಕ್ಸಿನಲ್ಲಿ ‘ಕಲ’ ಆಗಿ ಕೂತಿದ್ದವು, ‘ಕಲಾ’ ಮಾತ್ರ ಕಲಾ ಆಗಿಯೇ ಉಳಿದಿತ್ತು. ಆ ನಿಯಮ ಲ್ಯಾಟಿನ್ ಲಿಪಿಗೆ ಮಾತ್ರ ಅನ್ವಯಿಸುವ ಹಾಗೆ ತಿದ್ದಿ, ಇಡೀ ಇಂಡೆಕ್ಸನ್ನು ರಾತ್ರಿ ಹೊಸದಾಗಿ ಕಟ್ಟಿದ್ದಾಯಿತು. ಕನ್ನಡ ಪುಸ್ತಕಗಳಿರುವ ಯಾವುದೇ ಗ್ರಂಥಾಲಯದವರು ಈ ಒಂದು ಸಾಲನ್ನು ತಮ್ಮಲ್ಲಿ ನೋಡಿಕೊಳ್ಳಲಿ ಎಂಬುದು ನನ್ನ ಕೋರಿಕೆ. ಪರೀಕ್ಷೆ ಸುಲಭ: ‘ಕಲೆ’ ಹುಡುಕಿ, ‘ಕಲಿ’ ಬಂತೇ ನೋಡಿ.

ಮೂರನೆಯ ಪದರ ಹೊರಗಿನ ಗ್ರಂಥಾಲಯಗಳಿಂದ ಜಡ್39.50 ಎಂಬ, ಗ್ರಂಥಾಲಯಗಳು ದಾಖಲೆ ಹಂಚಿಕೊಳ್ಳುವ ವ್ಯವಸ್ಥೆಯ ಮೂಲಕ ಇಳಿಸಿಕೊಂಡ ದಾಖಲೆಗಳದ್ದು. ಅವುಗಳಲ್ಲಿ ಕನ್ನಡ ಶೀರ್ಷಿಕೆ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ, ಅದೂ ಅಮೆರಿಕದ ಗ್ರಂಥಾಲಯಗಳು ಬಳಸುವ ಲಿಪ್ಯಂತರದ ಕ್ರಮದಲ್ಲಿ. ಅದರ ಪ್ರಕಾರ ಚಕಾರಕ್ಕೆ ಬರೀ ‘ಸಿ’. ನಮ್ಮ ಹುಡುಗರು ‘ಚಂದ್ರಶೇಖರ’ ಎಂದು ಇಂಗ್ಲಿಷಿನಲ್ಲಿ ಹೊಡೆಯುವಾಗ ‘ಸಿಎಚ್’ ಹಾಕುತ್ತಾರೆ, ಶಕಾರಕ್ಕೆ ‘ಎಸ್‌ಎಚ್’. ಗುರುತುಗಳನ್ನು ಕಳಚಿದರೂ ಎರಡೂ ಕೂಡುವುದಿಲ್ಲ. ಶಾಸ್ತ್ರೀಯ ಕ್ರಮ ತಪ್ಪು ಎಂದು ನಾನು ಹೇಳುವುದಿಲ್ಲ, ಆದರೆ ಫೋನಿನಲ್ಲಿ ಅದನ್ನು ಟೈಪ್ ಮಾಡುವ ಒಬ್ಬರನ್ನೂ ನಾನು ಕಂಡಿಲ್ಲ. ಆದ್ದರಿಂದ ಕನ್ನಡ ಲಿಪಿಯ ಶೀರ್ಷಿಕೆಯನ್ನು 880ರಲ್ಲಿ ಸೇರಿಸಿ, ಜನ ಬರೆಯುವ ಹಾಗಿನ ಸರಳ ಇಂಗ್ಲಿಷ್ ರೂಪವನ್ನು 246ರಲ್ಲಿ ಇನ್ನೊಂದು ಶೀರ್ಷಿಕೆಯಾಗಿ ಹಾಕುವ ರೂಢಿ ಮಾಡಿದೆವು. ಕೆಲಸ ಹೆಚ್ಚು, ನಿಜ. ಎಲ್ಲ ಪುಸ್ತಕಕ್ಕೂ ಒಮ್ಮೆಗೇ ಮಾಡಲಿಲ್ಲ. ಸೊನ್ನೆಯ ಪಟ್ಟಿಯಲ್ಲಿ ಮೇಲೆ ಬಂದವಕ್ಕೆ ಮೊದಲು.

ಕಾವ್ಯನಾಮಗಳದ್ದು ಇನ್ನೊಂದು ಕಥೆ. ‘ಕುವೆಂಪು’ ಎಂದರೆ ಒಂದಷ್ಟು ಪುಸ್ತಕ, ‘ಪುಟ್ಟಪ್ಪ ಕೆ.ವಿ.’ ಎಂದರೆ ಇನ್ನೊಂದಷ್ಟು. ಬೇಂದ್ರೆಯವರು ಅಂಬಿಕಾತನಯದತ್ತರಾಗಿ, ಮಾಸ್ತಿಯವರು ಶ್ರೀನಿವಾಸರಾಗಿ ಬೇರೆ ಬೇರೆ ಸಾಲುಗಳಲ್ಲಿ ಕೂತಿದ್ದರು. ಇದಕ್ಕೆ ಗ್ರಂಥಪಾಲಕರ ಬಳಿ ಮೊದಲಿನಿಂದಲೂ ಮದ್ದಿದೆ: ಅಥಾರಿಟಿ ದಾಖಲೆ. ಒಂದು ಹೆಸರನ್ನು ಮುಖ್ಯವೆಂದು ಹಿಡಿದು, ಉಳಿದ ಹೆಸರುಗಳನ್ನು 400ರಲ್ಲಿ ‘ಇಲ್ಲಿ ನೋಡಿ’ ಎಂದು ಕೊಡುವುದು. ನಮ್ಮಲ್ಲಿ ಅಥಾರಿಟಿ ದಾಖಲೆಗಳೇನೋ ಇದ್ದವು, ಪುಸ್ತಕದ ದಾಖಲೆಗಳಿಗೆ ಕೊಂಡಿ ಹಾಕಿರಲಿಲ್ಲ. ಕೊಂಡಿ ಹಾಕಿ, ಆ ಪರ್ಯಾಯ ಹೆಸರುಗಳನ್ನೂ ಹುಡುಕಾಟಕ್ಕೆ ಸೇರಿಸುವ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಯಾವ ಹೆಸರು ಕೊಟ್ಟರೂ ಎಲ್ಲವೂ ಬರತೊಡಗಿತು. ‘ಜಿಎಸ್‌ಎಸ್’ ಎಂದು ಹುಡುಕುವವರಿಗೆ ಶಿವರುದ್ರಪ್ಪನವರು ಸಿಗಬೇಕಲ್ಲವೇ? ಅಂಥ ಸಂಕ್ಷಿಪ್ತ ರೂಪಗಳನ್ನೂ ಅಲ್ಲೇ ಸೇರಿಸಿದೆವು.

ಇನ್ನು ವೆಬ್‌ಸೈಟುಗಳ ವಿಷಯ. ಸೊನ್ನೆ ಫಲಿತಾಂಶಗಳ ಪಟ್ಟಿಯಲ್ಲಿ ಪುಸ್ತಕವೇ ಅಲ್ಲದ ಸಾಲುಗಳು ಬೇಕಾದಷ್ಟಿದ್ದವು: ಪರೀಕ್ಷೆಯ ವೇಳಾಪಟ್ಟಿ, ಲೈಬ್ರರಿ ಟೈಮಿಂಗ್, ಹಳೆಯ ಪ್ರಶ್ನೆಪತ್ರಿಕೆ. ಪುಸ್ತಕದ ಪೆಟ್ಟಿಗೆಯಲ್ಲಿ ಇವನ್ನು ಹುಡುಕಿದ್ದಾರೆಂದರೆ, ಸಿಗಬೇಕಾದ ಕಡೆ ಸಿಕ್ಕಿಲ್ಲ ಎಂದೇ ಅರ್ಥ. ಕಾಲೇಜಿನದ್ದು ಒಂದು ಸೈಟು, ಗ್ರಂಥಾಲಯದ್ದು ಇನ್ನೊಂದು, ವಿಭಾಗಗಳವು ಬೇರೆ, ಎಂದೋ ಮುಗಿದ ವಿಚಾರ ಸಂಕಿರಣಗಳಿಗೆ ಮಾಡಿದ ಪುಟ್ಟ ಸೈಟುಗಳು ಬೇರೆ. ನಾನು ಹೊಸದೊಂದನ್ನೂ ಕಟ್ಟಲಿಲ್ಲ, ಕಡಿಮೆ ಮಾಡುತ್ತಾ ಹೋದೆ. ಪ್ರತಿ ಪುಟಕ್ಕೂ ‘ಇದು ಯಾರ ಜವಾಬ್ದಾರಿ’ ಎಂದು ಕೇಳಿ, ಯಾರೂ ಕೈಯೆತ್ತದ ಪುಟವನ್ನು ಇಳಿಸಿ, ಹಳೆಯ ವಿಳಾಸಕ್ಕೆ ಬಂದವರನ್ನು ಬೇರೆ ಪುಟಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿದೆ. ಬರೀ ಅಳಿಸಿದರೆ ಹೊರಗಿನ ಕೊಂಡಿಗಳೆಲ್ಲ ‘ಪುಟ ಸಿಗಲಿಲ್ಲ’ ಎನ್ನುವ 404ಕ್ಕೆ ಬಂದು ಬೀಳುತ್ತವೆ. ಮುಖಪುಟದ ಓಡುವ ಚಿತ್ರಗಳ ಸಾಲನ್ನು ತೆಗೆಸುವುದಕ್ಕೆ ತಾಂತ್ರಿಕ ಕೆಲಸಕ್ಕಿಂತ ಹೆಚ್ಚು ಮಾತು ಖರ್ಚಾಯಿತು.

ಸೂಚನೆಗಳನ್ನು ಸಹಿ, ಮೊಹರಿನೊಂದಿಗೆ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುವ ಚಾಳಿ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಸ್ಕ್ಯಾನ್ ಮಾಡಿದ್ದು ಚಿತ್ರ. ಅದನ್ನು ಹುಡುಕಲೂ ಆಗದು, ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಓದಲೂ ಆಗದು. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಕನ್ನಡವನ್ನು ಓದಬಲ್ಲದು, ಆದರೆ ಪಠ್ಯವಿದ್ದರೆ ತಾನೇ? ಈಗಿನ ನಿಯಮ ಇಷ್ಟೇ: ಸೂಚನೆಯ ಒಕ್ಕಣೆ ಪುಟದಲ್ಲೇ ಇರಬೇಕು, ಸ್ಕ್ಯಾನ್ ಪ್ರತಿ ಬೇಕಿದ್ದವರಿಗೆ ಕೆಳಗೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಟೆಸೆರಾಕ್ಟ್ ಎಂಬ ತಂತ್ರಾಂಶದ ಮೂಲಕ ಓಸಿಆರ್ ಮಾಡಿ (ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸಿ) ಡಿಸ್ಪೇಸ್ ಎಂಬ ಡಿಜಿಟಲ್ ಭಂಡಾರಕ್ಕೆ ಏರಿಸಿದೆವು. ಒತ್ತಕ್ಷರಗಳಲ್ಲಿ ತಪ್ಪು ಬರುತ್ತದೆ, ಆದರೂ ವಿಷಯದ ಹೆಸರಿನಿಂದ ಹುಡುಕುವುದಕ್ಕೆ ತೊಂದರೆಯಿಲ್ಲ. ಬಣ್ಣಗಳ ಮಟ್ಟಿಗೆ, ವೆಬ್ ಎಲ್ಲರಿಗೂ ಎಟುಕುವಂತೆ ಮಾಡುವ ಮಾರ್ಗಸೂಚಿ ಡಬ್ಲ್ಯೂಸಿಎಜಿ ಹೇಳುವ 4.5ಕ್ಕೆ 1ರ ಕಾಂಟ್ರಾಸ್ಟನ್ನು ಹಿಡಿದುಕೊಂಡೆ. ಹಳದಿಯ ಮೇಲೆ ಬಿಳಿ ಅಕ್ಷರ ಬೇಕು ಎನ್ನುವವರಿಗೆ ನನ್ನ ಅಭಿರುಚಿಯ ಮಾತು ಹೇಳಿದರೆ ವಾದ ಬೆಳೆಯುತ್ತದೆ, ಅಂಕಿ ತೋರಿಸಿದರೆ ನಿಲ್ಲುತ್ತದೆ.

ಇತ್ತೀಚಿನ ಕಾಟ ಬೇರೆಯೇ. ಓಪ್ಯಾಕ್ ಇದ್ದಕ್ಕಿದ್ದಂತೆ ತೆವಳತೊಡಗಿತು. ಲಾಗ್ ನೋಡಿದರೆ ಬರುತ್ತಿದ್ದವರು ಓದುಗರಲ್ಲ, ಪುಟಗಳನ್ನು ಬಾಚಿಕೊಂಡು ಹೋಗುವ ಸ್ವಯಂಚಾಲಿತ ಪ್ರೋಗ್ರಾಂಗಳು, ಅಂದರೆ ಬಾಟುಗಳು. ಹುಡುಕಾಟದ ಪಕ್ಕದಲ್ಲಿ ಲೇಖಕ, ವಿಷಯ, ವರ್ಷ ಎಂದು ಸೋಸುವ ಕೊಂಡಿಗಳಿರುತ್ತವಲ್ಲ, ಒಂದರ ಮೇಲೊಂದು ಒತ್ತುತ್ತಾ ಹೋದರೆ ವಿಳಾಸಗಳಿಗೆ ಕೊನೆಯೇ ಇಲ್ಲ, ಪ್ರತಿಯೊಂದೂ ಡೇಟಾಬೇಸಿಗೆ ಹೊಸ ಪ್ರಶ್ನೆ. ಬಾಟುಗಳಿಗೆ ಸೂಚನೆ ಕೊಡುವ ರೋಬೋಟ್ಸ್ ಕಡತದಲ್ಲಿ ಹುಡುಕಾಟದ ಪುಟಗಳಿಗೆ ಪ್ರವೇಶವಿಲ್ಲ ಎಂದು ಬರೆದೆ. ಸಭ್ಯ ಬಾಟುಗಳು ಹಿಂದೆ ಸರಿದವು, ಉಳಿದವಕ್ಕೆ ಸರ್ವರಿನಲ್ಲೇ ವೇಗದ ಮಿತಿ ಹಾಕಬೇಕಾಯಿತು. ಪುಸ್ತಕದ ಪ್ರತ್ಯೇಕ ಪುಟಗಳನ್ನು ಮಾತ್ರ ತೆರೆದೇ ಇಟ್ಟಿದ್ದೇನೆ, ಗೂಗಲ್ಲಿನಲ್ಲಿ ಹುಡುಕಿದವರಿಗೂ ನಮ್ಮ ಪುಸ್ತಕ ಸಿಗಲಿ ಎಂದು.

ಈಗ ಪ್ರತಿ ಸೋಮವಾರ ಸೊನ್ನೆಯ ಪಟ್ಟಿ ತಾನಾಗಿಯೇ ಕೆಟಲಾಗ್ ಮೇಡಂ ಅವರಿಗೂ ನನಗೂ ಮೇಲ್ ಆಗಿ ಬರುತ್ತದೆ. ಕಾಗುಣಿತ, ಕೋಡ್, ಸೆಟ್ಟಿಂಗಿನ ಸಂಗತಿಯಾದರೆ ನನ್ನ ಪಾಲು. ದಾಖಲೆಯ ಸಂಗತಿಯಾದರೆ ಅವರದ್ದು. ಎರಡೂ ಅಲ್ಲದೆ ನಿಜಕ್ಕೂ ನಮ್ಮಲ್ಲಿ ಇಲ್ಲದ ಪುಸ್ತಕವೊಂದು ಮತ್ತೆ ಮತ್ತೆ ಕಂಡರೆ ಅದರ ಹೆಸರನ್ನು ಖರೀದಿಯ ಪಟ್ಟಿಗೆ ಸೇರಿಸುತ್ತಾರೆ. ಮೊದಲು ಪ್ರಕಾಶಕರ ಕೆಟಲಾಗ್ ನೋಡಿ ಆರಿಸುತ್ತಿದ್ದ ಗ್ರಂಥಾಲಯ ಸಮಿತಿ ಈಗ ಈ ಪಟ್ಟಿಯನ್ನೂ ಮುಂದಿಟ್ಟುಕೊಂಡು ಕೂರುತ್ತದೆ.