ಹಳೇ ಬ್ಲೌಸಿನ ಹೊಲಿಗೆ ಬಿಚ್ಚಿ ಅಂಗಡಿ ಉಳಿಸಿಕೊಂಡ ಕಥೆ

ಹೊಲಿಗೆಯವರಿಗೆ ನಾನು ಹೇಳಬೇಕಿಲ್ಲ, ನಮ್ಮ ವರ್ಷದ ಗಳಿಕೆ ಇರೋದೇ ಫೆಬ್ರವರಿಯಿಂದ ಮೇ ತನಕ, ಮದುವೆ ಸೀಸನ್ನಿನಲ್ಲಿ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ ನನ್ನ ಅಂಗಡಿಯ ಹಗ್ಗದ ಮೇಲೆ ನಲವತ್ತಕ್ಕೂ ಜಾಸ್ತಿ ಬ್ಲೌಸ್ ನೇತಾಡುತ್ತಿದ್ದವು. ಅರ್ಧಕ್ಕರ್ಧ ಮದುವೆ ಮನೆಯವು. ಕೆಲವು ಮದುವೆ ಮುಂದಕ್ಕೆ ಹೋದವು, ಕೆಲವು ಮನೆ ಅಂಗಳದಲ್ಲೇ ಐವತ್ತು ಜನರಲ್ಲಿ ಮುಗಿದವು, ಹಳೇ ಸೀರೆ ಉಟ್ಟೇ ಧಾರೆ ಎರೆದರಂತೆ. ಬ್ಲೌಸ್ ಒಯ್ಯಲು ಯಾರೂ ಬರಲಿಲ್ಲ.

ನನ್ನದು ದಾವಣಗೆರೆ. ನಿಟುವಳ್ಳಿ ಕಡೆ ಒಂದು ಮಳಿಗೆ, ಎರಡು ಮಷೀನು, ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕು, ಪೀಸ್ ಲೆಕ್ಕಕ್ಕೆ ಹೊಲಿಯುವ ಇಬ್ಬರು ಹೆಣ್ಣುಮಕ್ಕಳು. ಸೀಸನ್ನಿನಲ್ಲಿ ತಿಂಗಳಿಗೆ 35-40 ಸಾವಿರ ವ್ಯಾಪಾರ ಆಗುತ್ತಿತ್ತು. ಅಂಗಡಿ ಮತ್ತೆ ತೆಗೆದ ಮೇಲೆ ಜೂನ್ ತಿಂಗಳ ಲೆಕ್ಕ ಮೂರು ಸಾವಿರ ಚಿಲ್ಲರೆ. ಬಾಡಿಗೆಯೇ 4,500. ಹೊಟ್ಟೆಗೆ ಹಿಡಿದುಕೊಂಡ ಬೆಂಕಿ ಅಂದ್ರೆ ಅದು.

ಮೊದಲು ಎಲ್ಲರ ಹಾಗೆ ಮಾಸ್ಕ್ ಹೊಲಿದೆ. ಸಾವಿರದ ನಾನೂರೋ ಏನೋ ಹೊಲಿದಿರಬೇಕು. ಮೊದಲ ವಾರ 15 ರೂಪಾಯಿಗೆ ಹೋದವು, ಆಮೇಲೆ ಗಲ್ಲಿಗೊಬ್ಬರು ಹೊಲಿಯೋಕೆ ಶುರು ಮಾಡಿದರು, ಕೊನೆಗೆ ಐದು ರೂಪಾಯಿಗೂ ಕೇಳುವವರಿಲ್ಲ. ಒಂದು ಚೀಲದ ತುಂಬಾ ಇನ್ನೂ ಅಟ್ಟದ ಮೇಲಿವೆ.

ಆಮೇಲೆ ಕರಪತ್ರ. ಎರಡು ಸಾವಿರ ಪ್ರತಿ ಹೊಡೆಸಿ ಪೇಪರ್ ಹಾಕುವ ಹುಡುಗರಿಗೆ ಕೊಟ್ಟೆ, ಎಲ್ಲಾ ಸೇರಿ 2,600 ಹತ್ತಿರ ಖರ್ಚು. ಆಗ ಜನ ಪೇಪರ್ ಮುಟ್ಟೋಕೇ ಹೆದರುತ್ತಿದ್ದರು, ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ ನೋಡಿ. ಬಂದವರು ಮೂವರು. ಅದರಲ್ಲಿ ಒಬ್ಬಾಕೆ ಕೆಲಸ ಕೇಳಲು ಬಂದವಳು.

ಅದಕ್ಕಿಂತ ದೊಡ್ಡ ತಪ್ಪು ‘ಹೊಲಿಗೆ ಅರ್ಧ ಬೆಲೆ’ ಅಂತ ಫ್ಲೆಕ್ಸ್ ಕಟ್ಟಿದ್ದು. ಲೈನಿಂಗ್ ಬ್ಲೌಸಿಗೆ 250 ತಗೊಳ್ಳುತ್ತಿದ್ದೆ, 125 ಮಾಡಿದೆ. ಲೈನಿಂಗ್ ಬಟ್ಟೆಗೆ 50, ಹೊಲಿದವಳಿಗೆ 70, ಹುಕ್ಕು ದಾರ ಕರೆಂಟು ಬೇರೆ. ಅಂದ್ರೆ ಕೈಯಿಂದ ಹಾಕಿ ಹೊಲಿದು ಕೊಟ್ಟ ಹಾಗೆ. ಒಂದು ತಿಂಗಳಲ್ಲಿ ಇಪ್ಪತ್ತೆಂಟು ಬ್ಲೌಸ್ ಬಂದವು. ಬೋರ್ಡ್ ತೆಗೆದ ಮೇಲೆ ವರ್ಷಗಟ್ಟಲೆ ಬರುತ್ತಿದ್ದ ಮೇಡಂ ಒಬ್ಬರು ಬಂದು ‘ಮೊನ್ನೆ 125 ಇತ್ತಲ್ವಾ, ನಮ್ಮ ಹತ್ತಿರ ಮಾತ್ರ ಜಾಸ್ತಿನಾ’ ಅಂದರು. ಇಳಿಸಿದ ರೇಟನ್ನು ಮತ್ತೆ ಏರಿಸೋಕೆ ನನಗೆ ಒಂದೂವರೆ ವರ್ಷ ಹಿಡಿಯಿತು. ಫೇಸ್‌ಬುಕ್ಕಿಗೆ 1,500 ಸುರಿದದ್ದನ್ನು ಹೇಳೋದೇ ಬೇಡ, ಲೈಕ್ ಒತ್ತಿದವರೆಲ್ಲಾ ಗಂಡಸರು.

ದಾರಿ ಸಿಕ್ಕಿದ್ದು ನಮ್ಮಮ್ಮನಿಂದ. ನಮ್ಮೂರು ಹತ್ತಿ ಗಿರಣಿಗಳ ಊರು, ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಈಗ ಬೆಣ್ಣೆದೋಸೆ ಊರು ಅಂದ್ರೇ ಗೊತ್ತಾಗೋದು. ಗಿರಣಿ ಮುಚ್ಚಿ ಅಪ್ಪ ಮನೆಯಲ್ಲಿ ಕೂತಾಗ ಅಮ್ಮ ಮಷೀನ್ ತುಳಿದೇ ಸಂಸಾರ ನಡೆಸಿದ್ದಳು. ಒಂದು ಸಂಜೆ ನಾನು ಗೋಳು ಹೇಳಿಕೊಳ್ಳುತ್ತಿದ್ದಾಗ ‘ಆಗ ನನ್ನ ಹತ್ರ ಹೊಸ ಬಟ್ಟೆ ಯಾರು ತಂದಿದ್ರು? ಪ್ಯಾಂಟಿನ ತೇಪೆ, ಲಂಗದ ಮಡಿಕೆ ಬಿಚ್ಚೋದು, ಅದೇ ಬರ್ತಿದ್ದಿದ್ದು’ ಅಂದಳು. ನಾನು ಅಂಥ ಕೆಲಸ ಬಂದರೆ ಮುಖ ಸಿಂಡರಿಸಿ ವಾಪಸ್ ಕಳಿಸುತ್ತಿದ್ದವಳು.

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಆರು ತಿಂಗಳು ಮನೆಯಲ್ಲೇ ಕೂತು ಎಲ್ಲರೂ ದಪ್ಪ ಆಗಿದ್ದರು. ನಾನೂ ಸೇರಿ.

ಬ್ಲೌಸ್ ಸಡಿಲ ಮಾಡೋದು ಎಷ್ಟು ಹೊತ್ತಿನ ಕೆಲಸ ಅಂತ ನಿಮಗೂ ಗೊತ್ತು. ಪಕ್ಕದಲ್ಲಿ ಮೂರು ಸಾಲು ಹೊಲಿಗೆ ಹಾಕಿದ್ದರೆ ಒಳಗಿನ ಒಂದು ಸಾಲು ಬಿಚ್ಚಿದರೆ ಆಯಿತು. ಎರಡೂ ಪಕ್ಕ ಅರ್ಧರ್ಧ ಇಂಚು ಬಿಟ್ಟರೆ, ಹಿಂದಿನ ಮುಂದಿನ ಬಟ್ಟೆ ಎರಡೂ ಸೇರಿ ಸುತ್ತಳತೆಯಲ್ಲಿ ಎರಡು ಇಂಚು ಸಿಗುತ್ತದೆ. ಹತ್ತು ನಿಮಿಷ, 50 ರೂಪಾಯಿ, ಬಟ್ಟೆ ಖರ್ಚು ಸೊನ್ನೆ. ಒಳಗೆ ಮಾರ್ಜಿನ್ನೇ ಇಲ್ಲದ, ಅಂದ್ರೆ ಹೆಚ್ಚಿನ ಬಟ್ಟೆ ಬಿಟ್ಟಿರದ ಬ್ಲೌಸಿಗೆ ಕಂಕುಳಲ್ಲಿ ತುಂಡು ಕೊಡೋದು ಹೊಸತೇನಲ್ಲ, ಆದರೆ ಅದೇ ಬಣ್ಣದ ಬಟ್ಟೆ ಎಲ್ಲಿಂದ ತರುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ರೇಷ್ಮೆಯ ಮೇಲಿನ ಸೂಜಿ ತೂತು ಕಾಣದ ಹಾಗೆ ಮಾಡೋದೂ ಅಷ್ಟೇ.

ಈ ಯೋಚನೆ ಹೇಳಿದಾಗ ಬ್ಲೌಸ್ ಬಟ್ಟೆ ಮಾರುವ ಪಕ್ಕದ ಮ್ಯಾಚಿಂಗ್ ಸೆಂಟರಿನವರು ನಕ್ಕರು. ‘ಅಕ್ಕಾ, ಹಳೇದು ಬಿಚ್ಚಿ ಹೊಲಿಯೋಳು ಅಂತ ಹೆಸರು ಬಂದ್ರೆ ಹೊಸದು ಯಾರು ಕೊಡ್ತಾರೆ?’ ನಮ್ಮ ಭಾವನವರದು ಇನ್ನೂ ಖಡಕ್ ಮಾತು, ಮಷೀನ್ ಮಾರಿ ಮಳಿಗೆಯ ಅಡ್ವಾನ್ಸ್ ವಾಪಸ್ ತಗೋ ಅಂದರು.

ನನ್ನ ಹತ್ತಿರ ಇದ್ದದ್ದು ಅಳತೆ ಪುಸ್ತಕ. 2009ರಿಂದ ಬರೆದಿಟ್ಟವು, ಉದ್ದನೆ ರೂಲ್ ಪುಸ್ತಕ, ಆಗ ಆರು ಇದ್ದವು. ಹೆಸರು, ಫೋನ್ ನಂಬರ್, ಎದೆ ಸೊಂಟ ತೋಳು, ಪಕ್ಕದಲ್ಲಿ ಆ ಬ್ಲೌಸಿನದೇ ಒಂದು ಬೆರಳಗಲ ಚೂರು ಬಟ್ಟೆ ಪಿನ್ ಹೊಡೆದಿರುತ್ತೇನೆ. ಗಿರಾಕಿ ಬಂದು ಬಟ್ಟೆ ಕಡಿಮೆ ಬಂತು ಅಂತ ಜಗಳ ತೆಗೆದರೆ ತೋರಿಸೋಕೆ ಅಂತ ಶುರು ಮಾಡಿದ ಅಭ್ಯಾಸ ಅದು. ಪಿನ್ ತುಕ್ಕು ಹಿಡಿದು ಹಾಳೆಯೆಲ್ಲಾ ಕೆಂಪಾಗಿದೆ, ಬಟ್ಟೆಯ ಬಣ್ಣ ಮಾತ್ರ ಹಾಗೇ ಇದೆ.

ಒಂಬೈನೂರು ನಂಬರ್ ಸಿಕ್ಕವು. ಒಂದೇ ಸಲ ತುಂಬಾ ಜನಕ್ಕೆ ಮೆಸೇಜ್ ಕಳಿಸುವ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಾತ್ರ ಅಂತ ನಾಲ್ಕು ಪಟ್ಟಿ ಮಾಡಿ ಮೆಸೇಜ್ ಬಿಟ್ಟೆ. ಸದ್ದೇ ಇಲ್ಲ. ನಮ್ಮ ನಂಬರ್ ಅವರ ಫೋನಿನಲ್ಲಿ ಸೇವ್ ಆಗಿರದಿದ್ದರೆ ಬ್ರಾಡ್‌ಕಾಸ್ಟ್ ಹೋಗೋದೇ ಇಲ್ಲ ಅಂತ ಮಗ ಹೇಳಿದ ಮೇಲೆ ಗೊತ್ತಾಯಿತು. ಎಪ್ಪತ್ತು ಎಂಬತ್ತು ಜನಕ್ಕೆ ಮುಟ್ಟಿತ್ತು ಅಷ್ಟೇ.

ಆಮೇಲೆ ಒಬ್ಬೊಬ್ಬರಿಗೇ ಕಳಿಸಿದೆ. ಪುಸ್ತಕದ ಆ ಚೂರು ಬಟ್ಟೆಯ ಫೋಟೋ ತೆಗೆದು ‘ಅಕ್ಕಾ, 2016ರ ನಿಮ್ಮ ಮೈಸೂರು ಸಿಲ್ಕ್ ಬ್ಲೌಸಿಂದು ಇದು. ಈಗ ಬಿಗಿ ಆಗಿದ್ರೆ ತನ್ನಿ, 50 ರೂಪಾಯಿಗೆ ಸಡಿಲ ಮಾಡಿಕೊಡ್ತೀನಿ. ನಂಬರ್ ಸೇವ್ ಮಾಡ್ಕೊಳ್ಳಿ’. ಇಷ್ಟೇ. ದಿನಕ್ಕೆ ಹದಿನೈದು, ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ಊಟ ಆಗಿ ಪಾತ್ರೆ ತೊಳೆದು ಕೂತಿರೋ ಹೊತ್ತು. ವಾಟ್ಸಾಪ್ ಇಲ್ಲದವರಿಗೆ ಫೋನ್. ಮೊದಲ ದಿನವೇ ಒಬ್ಬರು ‘ಅಯ್ಯೋ, ಇದು ನಮ್ಮ ತಂಗಿ ಸೀಮಂತಕ್ಕೆ ಹೊಲಿಸಿದ್ದು’ ಅಂತ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಮರುದಿನ ಒಂದಲ್ಲ, ಒಂಬತ್ತು ಬ್ಲೌಸ್ ತಂದರು.

ದಸರಾ ಹೊತ್ತಿಗೆ ದಿನಕ್ಕೆ ಹತ್ತು ಹನ್ನೆರಡು ಬ್ಲೌಸ್ ಬರುತ್ತಿದ್ದವು. ಹಳೇದು ತಂದ ಹತ್ತು ಜನರಲ್ಲಿ ಮೂವರಾದರೂ ಫಾಲ್ಸ್, ಪೀಕೋ, ಇಲ್ಲಾ ಹೊಸ ಬ್ಲೌಸ್ ಕೊಟ್ಟು ಹೋಗುತ್ತಿದ್ದರು. ಡಿಸೆಂಬರಿನಲ್ಲಿ 19 ಸಾವಿರ ಮುಟ್ಟಿದೆ. ಆ ಸಲ ಪ್ರಚಾರಕ್ಕೆ ಖರ್ಚಾಗಿದ್ದು ಮೊಬೈಲ್ ರೀಚಾರ್ಜ್ ಒಂದೇ.

ಮಧ್ಯೆ ಒಂದು ಪ್ರಯೋಗ. ಬ್ಲೌಸಿನ ಹೊಲಿಗೆ ಬಿಚ್ಚುವ ವಿಡಿಯೋ ಸ್ಟೇಟಸ್‌ಗೆ ಹಾಕಿದೆ. ನೋಡುವವರು 40ರಿಂದ 300 ದಾಟಿದರು. ಆದರೆ ಒಬ್ಬಾಕೆ ಅದನ್ನು ನೋಡಿ ಮನೆಯಲ್ಲೇ ಬಿಚ್ಚಿ, ಬಟ್ಟೆ ಹರಿದುಕೊಂಡು ತಂದಳು! ಅವಳಿಂದ 120 ತಗೊಂಡೆ, ವಿಡಿಯೋ ನಿಲ್ಲಿಸಿದೆ. ಸೀರೆ ಕುಚ್ಚು ಹಾಕಿಸೋದನ್ನೂ ಶುರು ಮಾಡಿದೆ, ಹೊರಗೆ ಕೊಟ್ಟು ಮಾಡಿಸಿದರೆ ನನಗೆ ಉಳಿಯೋದು 30 ರೂಪಾಯಿ, ಬಿಟ್ಟೆ.

2021ರ ಎರಡನೇ ಲಾಕ್‌ಡೌನಿಗೆ ಮತ್ತೆ ಬಾಗಿಲು ಮುಚ್ಚಿತು. ಆ ಮೇ ತಿಂಗಳಲ್ಲಿ ಸರ್ಕಾರ ಟೈಲರ್‌ಗಳಿಗೂ 2,000 ರೂಪಾಯಿ ಘೋಷಿಸಿತು, ಬಾಡಿಗೆಯ ಅರ್ಧಕ್ಕೂ ಸಾಲದು ಬಿಡಿ. ಜುಲೈನಲ್ಲಿ ಮತ್ತೆ ಮೆಸೇಜ್ ಶುರು ಮಾಡಿದೆ. ಒಂದು ಹಸಿರು ಖಣದ ಚೂರು ಕಳಿಸಿದ್ದಕ್ಕೆ ಮಗಳು ಫೋನ್ ಮಾಡಿದಳು, ‘ಅಮ್ಮ ಹೋಗಿಬಿಟ್ರು ಆಂಟಿ’. ಏನು ಹೇಳಬೇಕು ತಿಳಿಯಲಿಲ್ಲ. ಅವತ್ತಿನಿಂದ ಫೋಟೋ ಆಮೇಲೆ, ಮೊದಲು ‘ಮನೇಲಿ ಎಲ್ಲಾ ಹುಷಾರಾ’ ಅಂತ ಒಂದು ಸಾಲು, ಅದಕ್ಕೆ ಉತ್ತರ ಬಂದ ಮೇಲೆ ಮಾತ್ರ ಮುಂದಿನದು. ಆ ಹುಡುಗಿ ದೀಪಾವಳಿಗೆ ಮುಂಚೆ ಅಮ್ಮನ ಐದು ಬ್ಲೌಸ್ ತಂದು ತನ್ನ ಅಳತೆಗೆ ಬಿಗಿ ಮಾಡಿಸಿಕೊಂಡಳು. ದುಡ್ಡು ತಗೊಳ್ಳಲಿಲ್ಲ, ಅವಳು ಮಷೀನ್ ಮೇಲೆ ಇಟ್ಟು ಹೋದಳು.

ಈಗ ಲೈನಿಂಗ್ ಬ್ಲೌಸಿಗೆ 350. ಅಳತೆ ಪುಸ್ತಕ ಎಂಟನೆಯದು ನಡೀತಿದೆ, ಪಿನ್ ಬಿಟ್ಟು ಅಂಟು ಹಾಕುತ್ತೇನೆ. ಮ್ಯಾಚಿಂಗ್ ಸೆಂಟರಿನವರು ‘ಇಲ್ಲಿ ಆಲ್ಟ್ರೇಶನ್ ಮಾಡಲಾಗುವುದು’ ಅಂತ ಅವರೂ ಒಂದು ಬೋರ್ಡ್ ಹಾಕಿದ್ದಾರೆ. ಭಾವನ ಮನೆಯಿಂದ ಹೋದ ತಿಂಗಳು ಆರು ಬ್ಲೌಸ್ ಬಂದವು. 50ರಂತೆ ಮುನ್ನೂರು, ಪೂರ್ತಿ ತಗೊಂಡೆ.